ಬಲಗೈ ಎತ್ತುವ ಮುನ್ನ

"ಬರೆದದ್ದೆಲ್ಲ ನಿಜ ಅಂತ ಆಣೆ ಮಾಡಬೇಕು, ಇಬ್ಬರೂ ಬಲಗೈ ಎತ್ತಿ," ಎಂದಳು ಕೌಂಟಿ ಕಚೇರಿಯ ಗುಮಾಸ್ತೆ ರೊಂಡಾ. ಆರ್ವಿಲ್ ತಟ್ಟನೆ ಎತ್ತಿದ. ನಡೀನ್ ಎತ್ತಲಿಲ್ಲ. ಮದುವೆ ಪರವಾನಗಿಯ ಅರ್ಜಿಯಲ್ಲಿ ಒಂದು ಸಾಲಿನ ಮೇಲೆ ಅವಳ ಬೆರಳು ನಿಂತುಬಿಟ್ಟಿತ್ತು: ಹಿಂದಿನ ವಿಚ್ಛೇದನ ಆದದ್ದು ಯಾವ ದಿನ?

"ಏನೋ ಒಂದು ತಾರೀಕು ಬರಿಯೇ. ಮೂವತ್ತೊಂದು ವರ್ಷದ ಹಿಂದಿನ ಮಾತು, ಯಾರು ನೋಡ್ತಾರೆ?" ಎಂದ ಆರ್ವಿಲ್.

"ಅಂದಾಜಿನ ಮೇಲೆ ಆಣೆ ಮಾಡಕ್ಕಾಗುತ್ತಾ? ವಿಚ್ಛೇದನ ಆಗಿದ್ದು ನನಗೂ ನಿನಗೂ ತಾನೆ. ನಿನಗಾದ್ರೂ ನೆನಪಿರಬೇಕು."

ಆರ್ವಿಲ್ ಚಾವಣಿ ನೋಡಿದ. ಅವರಿಬ್ಬರೂ ಹಿಂದೊಮ್ಮೆ ಗಂಡ ಹೆಂಡತಿಯಾಗಿದ್ದವರೇ. ಹದಿನಾಲ್ಕು ವರ್ಷ ಜಗಳವಾಡಿ ಸಾಕಾಗಿ ಬೇರೆಯಾದರು. ಆಮೇಲೆ ನಡೀನ್ ಡೆಲ್ಬರ್ಟ್‌ನನ್ನು ಮದುವೆಯಾಗಿ, ಇಪ್ಪತ್ತಾರು ವರ್ಷ ಬಾಳಿ, ಮೂರು ವರ್ಷದ ಹಿಂದೆ ಅವನನ್ನು ಮಣ್ಣು ಮಾಡಿದ್ದಳು. ಒಂಟಿಯಾಗೇ ಉಳಿದಿದ್ದ ಆರ್ವಿಲ್, ಭಾನುವಾರದ ಚರ್ಚಿನ ಊಟದಲ್ಲಿ ಅವಳ ಪಕ್ಕದ ಕುರ್ಚಿ ಹಿಡಿದು ಕೂತು ಕೂತು, ಅರವತ್ತೇಳರ ವಯಸ್ಸಿನಲ್ಲಿ ಅವಳಿಂದ ಮತ್ತೆ ಹೂಂ ಅನ್ನಿಸಿಕೊಂಡಿದ್ದ. ಶನಿವಾರಕ್ಕೆ ಪಾದ್ರಿಯನ್ನೂ ಗೊತ್ತುಮಾಡಿ ಆಗಿತ್ತು.

"ತಾರೀಕು ತಾನೆ, ನಾನು ನೋಡ್ತೀನಿ ಬಿಡಿ ನಡೀನಮ್ಮ," ಎಂದು ರೊಂಡಾ ಒಳಗೆ ಹೋದಳು. ಅಷ್ಟು ಸಣ್ಣ ಕೌಂಟಿಯಲ್ಲಿ ಮದುವೆಯ ಕಾಗದವೂ ವಿಚ್ಛೇದನದ ಕಾಗದವೂ ಅವಳದೇ ಬೀರುವಿನಲ್ಲಿರುತ್ತಿದ್ದವು. ಹೋದಷ್ಟು ಬೇಗ ಬರಲಿಲ್ಲ. ಬಂದಾಗ ಕೈಯಲ್ಲೊಂದು ತೆಳ್ಳನೆಯ ಕಡತವಿತ್ತು, ಓದುತ್ತಲೇ ಬಂದಳು.

"ನಿಮ್ಮ ವಿಚ್ಛೇದನದ ಅರ್ಜಿ ಇದೆ. ಇಬ್ಬರ ಸಹೀನೂ ಇದೆ. ತೀರ್ಪು ಇಲ್ಲ."

"ಇಲ್ಲ ಅಂದ್ರೆ? ಕಳೆದುಹೋಗಿದ್ಯಾ?"

"ಆಗೇ ಇಲ್ಲ. ಅರ್ಜಿ ಹಾಕಿ ಅರವತ್ತು ದಿನ ಆದ್ಮೇಲೆ ಇಬ್ಬರಲ್ಲಿ ಒಬ್ಬರು ಜಡ್ಜ್ ಮುಂದೆ ಬಂದು ನಿಲ್ಲಬೇಕಿತ್ತು. ಯಾರೂ ಬಂದಿಲ್ಲ. ಕಾದು ಕಾದು ವಜಾ ಮಾಡಿದ್ದಾರೆ." ರೊಂಡಾ ಧ್ವನಿ ತಗ್ಗಿಸಿದಳು. "ನಾನು ಪರವಾನಗಿ ಕೊಡೋ ಹಾಗಿಲ್ಲ ನಡೀನಮ್ಮ. ಕಾಗದದ ಪ್ರಕಾರ ನೀವಿಬ್ರೂ ಇವತ್ತಿಗೂ ಗಂಡ ಹೆಂಡ್ತಿ."

ಆರ್ವಿಲ್ ಕೌಂಟರ್ ತಟ್ಟಿ ನಕ್ಕುಬಿಟ್ಟ. "ನೋಡಿದ್ಯಾ! ಪಾದ್ರಿ ಖರ್ಚೂ ಉಳೀತು. ನಡಿಯೇ ಹೆಂಡ್ತಿ, ಮನೆಗೆ ಹೋಗೋಣ."

ನಡೀನ್ ಹಿಂದೆ ಡೆಲ್ಬರ್ಟ್ ಜೊತೆ ಬಂದು ನಿಂತಿದ್ದೂ ಇದೇ ಕೌಂಟರ್ ಮುಂದೆ. ಆಗ ಯಾರೂ ಕಡತ ತೆಗೆದಿರಲಿಲ್ಲ. ನನಗೆ ಗಂಡನಿಲ್ಲ ಎಂದು ಕೈಯೆತ್ತಿ ಆಣೆ ಮಾಡಿದ್ದಳು, ಅಷ್ಟೇ ಸಾಕಾಗಿತ್ತು. ಅದು ಸುಳ್ಳಾಣೆಯಾಯಿತೇ?

"ಹಾಗಾದ್ರೆ ಡೆಲ್ಬರ್ಟ್ ನನಗೇನಾಗಬೇಕು?"

"ಕಾನೂನು ಸಲಹೆ ನಾವು ಕೊಡೋ ಹಾಗಿಲ್ಲ," ಎಂದು ರೊಂಡಾ ಪಾಪ ಗೋಡೆಯ ಮೇಲಿನ ಫಲಕ ತೋರಿಸಿದಳು.

"ಸಲಹೆ ಯಾರು ಕೇಳಿದ್ರು ಮರಿ? ಅವನ ಗೋರಿ ಕಲ್ಲಿನ ಮೇಲೆ ಅವನ ಹೆಸರಿನ ಪಕ್ಕದಲ್ಲೇ 'ಹೆಂಡತಿ ನಡೀನ್' ಅಂತ ಕೆತ್ತಿಸಿದೀನಿ. ನಾನು ಸಾಯೋ ತಾರೀಕಿಗೆ ಜಾಗಾನೂ ಬಿಡಿಸಿದೀನಿ. ಆ ಕಲ್ಲನ್ನ ಈಗ ಏನು ಮಾಡ್ಲಿ?"

ಅವಳು ಆರ್ವಿಲ್ ಕಡೆ ತಿರುಗಿದಳು.

"ಜಡ್ಜ್ ಹತ್ರ ಹೋಗಿದ್ದೆ, ಎಲ್ಲಾ ಮುಗೀತು ಅಂತ ಅವತ್ತು ಫೋನ್ ಮಾಡಿದವನು ನೀನೇ."

ಆರ್ವಿಲ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಗು ಇಳಿದಿತ್ತು. "ಬಂದಿದ್ದೆ ಕಣೆ. ಹೊರಗೆ ಪೆಕಾನ್ ಮರದ ಕೆಳಗೆ ಪಿಕಪ್ ನಿಲ್ಲಿಸಿ ಕೂತಿದ್ದೆ. ಇವರು ಬಾಗಿಲು ಹಾಕೋವರೆಗೂ ಕೂತಿದ್ದೆ. ಇಳಿಯಕ್ಕೆ ಕಾಲೇ ಬರ್ಲಿಲ್ಲ."

"ಆಮೇಲಾದ್ರೂ ಹೇಳಬಹುದಿತ್ತಲ್ಲ?"

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅನ್ನೋದ್ರೊಳಗೆ ನಿನ್ನ ಮದುವೆ ಆಗಿಹೋಯ್ತು. ಅವನ ಜೊತೆ ನಗ್ತಾ ಇದ್ದೆ ನೀನು. ನನ್ನ ಜೊತೆ ಯಾವತ್ತೂ ಹಾಗೆ ನಕ್ಕಿರಲಿಲ್ಲ. ಹೇಳಿ ಯಾಕೆ ಕೆಡಿಸ್ಲಿ?"

ಇದು ಪ್ರೀತಿಯೋ ಮೋಸವೋ ನಡೀನಳಿಗೆ ತಿಳಿಯಲಿಲ್ಲ. ಮುದುಕನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಕೈಚೀಲ ತೆಗೆದು ತಲೆಗೆ ಬಾರಿಸಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಕೌಂಟರಿಗೆ ಒರಗಿ ನಿಂತಳು.

"ರೊಂಡಾ, ವಿಚ್ಛೇದನದ ಅರ್ಜಿ ನಿನ್ನ ಹತ್ರಾನೇ ಸಿಗುತ್ತಲ್ಲ? ಒಂದು ಕೊಡು."

"ಶನಿವಾರ ಮದುವೆ ಇಟ್ಕೊಂಡು ಈಗ ವಿಚ್ಛೇದನಾನಾ?" ಆರ್ವಿಲ್ ಗಾಬರಿಯಾದ. "ಯಾಕೆ ನಡೀನ್? ಆಗಿರೋದು ಹೇಗೂ ಆಗಿದೆಯಲ್ಲ."

"ನೀನು ಕೇಳಿ, ನಾನು ಹೂಂ ಅಂದ ಮದುವೆ ಬೇರೆ. ನನಗೇ ಗೊತ್ತಿಲ್ಲದ ಹಾಗೆ ನೀನು ಜೇಬಲ್ಲಿ ಇಟ್ಕೊಂಡು ಓಡಾಡಿದ ಮದುವೆ ಬೇರೆ. ಮೊದಲು ಇದು ಮುಗೀಲಿ. ಆಮೇಲೆ ಬೇಕಾದ್ರೆ ಮತ್ತೆ ಕೇಳು. ಹೂಂ ಅಂತೀನೋ ಊಹೂಂ ಅಂತೀನೋ, ಈಗ ನನಗೇ ಗೊತ್ತಿಲ್ಲ."

ಅವಳು ನಿಂತಲ್ಲೇ ಅರ್ಜಿ ತುಂಬಿದಳು, ಸಹಿ ಹಾಕಿದಳು, ಪೆನ್ನನ್ನು ಅವನ ಕಡೆ ತಳ್ಳಿದಳು. ಆರ್ವಿಲ್ ತುಂಬಾ ಹೊತ್ತು ಕಾಗದ ನೋಡುತ್ತಿದ್ದು, ಕೊನೆಗೆ ತಾನೂ ಸಹಿ ಹಾಕಿದ.

"ಅರವತ್ತು ದಿನ ಆದ್ಮೇಲೆ ಯಾರಾದ್ರೂ ಒಬ್ಬರು ಜಡ್ಜ್ ಮುಂದೆ ಬರಬೇಕು," ಎಂದಳು ರೊಂಡಾ, ಇಬ್ಬರನ್ನೂ ನೋಡುತ್ತ.

"ಈ ಸಲ ನಾನು ಬರ್ತೀನಿ," ಎಂದು ನಡೀನ್ ಕೈಚೀಲ ಹೆಗಲಿಗೇರಿಸಿದಳು. "ನೀನು ಬೇಕಾದ್ರೆ ಆ ಮರದ ಕೆಳಗೆ ಕೂತಿರು."