ಮೂರನೆಯ ಹಿಡಿತ

ನ್ಯಾಯಾಲಯಗಳು ಮುಚ್ಚಿ, ವ್ಯಾಜ್ಯಗಳೆಲ್ಲ ಅಖಾಡದಲ್ಲೇ ತೀರತೊಡಗಿದ ಮೇಲೆ ಸಾವಂತ್ರವ್ವ ಎರಡು ಮೊಕದ್ದಮೆ ಗೆದ್ದಿದ್ದಳು. ಅವಳ ಗದಗಿನ ನಿಯಮದಲ್ಲಿ ಎದುರಾಳಿಯ ಕುತ್ತಿಗೆ ತಬ್ಬಿಹಿಡಿದು ಮೊಣಕಾಲಿನಿಂದ ಹೊಡೆಯಬಹುದು. ಆದರೆ ಮಗಳು ಯಾರ ಪಾಲಿಗೆ ಎಂಬ ಮೊಕದ್ದಮೆಯನ್ನು ಗಂಡ ಕಾರವಾರಕ್ಕೆ ವರ್ಗ ಮಾಡಿಸಿದ್ದ. ಅಲ್ಲಿ ಬರೀ ಗುದ್ದು, ಒದೆ. ಮೂರು ಸಲ ಹಿಡಿದರೆ ಸೋಲು.

ಮೂರು ತಿಂಗಳು ಅವಳು ತೋಳುಗಳನ್ನು ಪಕ್ಕೆಗೆ ಬಿಗಿದುಕೊಂಡೇ ಅಭ್ಯಾಸ ಮಾಡಿದಳು. ಮಗಳು ಓಡಿಬಂದರೂ ತಬ್ಬುತ್ತಿರಲಿಲ್ಲ. "ತೋಳಿಗೆ ರೂಢಿ ತಪ್ಪಬೇಕು, ಕೂಸ," ಎನ್ನುತ್ತಿದ್ದಳು.

ಪಂದ್ಯದ ದಿನ ಗಂಡನ ಪರವಾಗಿ ನಿಂತ ಕಾರವಾರದ ಹೆಂಗಸು ದೂರದಲ್ಲೇ ಕುಣಿಯುತ್ತ ಒದೆಯುತ್ತಿದ್ದಳು. ದಣಿದಂತೆಲ್ಲ ಸಾವಂತ್ರವ್ವನ ತೋಳುಗಳು ತಾವಾಗಿಯೇ ಹೋಗಿ ಆ ಕುತ್ತಿಗೆ ತಬ್ಬುತ್ತಿದ್ದವು.

"ಬಿಡ ಬೇ! ಎರಡಾತು!" ಮೂಲೆಯಿಂದ ಅಣ್ಣ ಕೂಗಿದ.

ಕೊನೆಯ ಸುತ್ತಿನಲ್ಲಿ ಹೊಟ್ಟೆಗೆ ಒದೆ ಬಿತ್ತು. ಕುಸಿಯುತ್ತ ಅವಳು ಮತ್ತೆ ಹಿಡಿದಳು. ಇಪ್ಪತ್ತು ವರ್ಷದ ಪಾಠ, ಅಷ್ಟು ಸುಲಭಕ್ಕೆ ಅಳಿಯುತ್ತದೆಯೇ? ಗಂಟೆ ಹೊಡೆಯಿತು.

ಕರೆದೊಯ್ಯುವ ಮುನ್ನ ಗಂಡ ಮಗಳನ್ನು ಅವಳೆದುರು ತಂದು ನಿಲ್ಲಿಸಿದ.

"ಈಗರೆ ಹಿಡ್ಕೋ ಅವ್ವಾ, ಗಂಟಿ ಹೊಡದೈತಿ."

ಸಾವಂತ್ರವ್ವ ಮೊಣಕಾಲೂರಿದಳು. ತೋಳುಗಳು ಪಕ್ಕೆ ಬಿಟ್ಟು ಏಳಲಿಲ್ಲ. ಈ ಕೂಸನ್ನು ತಬ್ಬದಿರುವುದೊಂದನ್ನೇ ಅವು ಚೆನ್ನಾಗಿ ಕಲಿತಿದ್ದವು.