ಎದುರುಮನೆಯ ನೀರು

"ಫೋಟೊ ಕೊಡಿ ಅಮ್ಮ, ಸ್ಕ್ಯಾನ್ ಮಾಡ್ತೀನಿ" ಎಂದು ಹೇಮಲತಾ ಕೈಚಾಚಿದಳು. ಹುಲ್ಲಹಳ್ಳಿಯ ಚಲುವಮ್ಮ ಮಗಳು ಚೈತ್ರಳ ಫೋಟೊವನ್ನು ಎದೆಗವಚಿಕೊಂಡೇ ಕಂಪ್ಯೂಟರಿನತ್ತ ನೋಡಿದರು. ವರ ಹುಡುಕಿಕೊಡುವ ವೆಬ್‌ಸೈಟಿಗೆ ಮಗಳನ್ನು ಸೇರಿಸಲೆಂದೇ ಅವರು ಬಸ್ಸು ಹತ್ತಿ ನಂಜನಗೂಡಿನಲ್ಲಿ ಹೇಮಲತಾ ಕೆಲಸಕ್ಕಿದ್ದ ಈ ಸೈಬರ್ ಸೆಂಟರಿಗೆ ಬಂದಿದ್ದರು.

"ಇವ್ರು ಒಳ್ಳೆಯವ್ರು ಅಂತ ಎಂಗ್ ಗೊತ್ತವ್ವ?"

"ನೋಡಿ, ಮೇಲೆ ಗಣಪತಿ ಇದೆ. ಎಲ್ಲಾ ಕನ್ನಡದಲ್ಲೇ ಬರೆದಿದ್ದಾರೆ. ಮೈಸೂರಿನ ವಿಳಾಸ ಕೊಟ್ಟಿದ್ದಾರೆ. ಮದುವೆ ಆದೋರು ಎಷ್ಟು ಹೊಗಳಿದ್ದಾರೆ ನೋಡಿ."

"ಒಗಳಿರೋದು ಎಲ್ಲಿ?"

"ಇಲ್ಲೇ, ಇದೇ ಪುಟದಲ್ಲಿ."

"ಅವ್ರ ಜಗಲೀಲೇ ಕೂತು ಅವ್ರ ಸುದ್ದಿ ಕೇಳ್ದಂಗಾಯ್ತು" ಎಂದು ಚಲುವಮ್ಮ ನಕ್ಕರು. "ಗಂಡಿನ ಮನೆ ವಿಚಾರ್ಸಕ್ಕೆ ನಾವು ಆ ಮನೆಗೇ ಓಗಲ್ಲ ಕಣವ್ವ. ಎದುರುಮನೇಲಿ ಒಂದ್ ಚೊಂಬು ನೀರು ಕೇಳ್ತೀವಿ. ಕುಡ್ದು ಮುಗ್ಸೋ ಒತ್ಗೆ ಎಲ್ಲಾ ಗೊತ್ತಾಗೋಯ್ತದೆ. ಆ ವಿಳಾಸ ಬರ್ಕೊಡು."

"ಇನ್ನು ಇಂಟರ್‌ನೆಟ್ಟಿಗೂ ಚೊಂಬು ಹಿಡ್ಕೊಂಡು ಬನ್ನಿ!" ಹೇಮಲತಾ ನಗುತ್ತಲೇ ಚೀಟಿ ಬರೆದುಕೊಟ್ಟಳು.

ಮೂರನೆಯ ದಿನ ಮಧ್ಯಾಹ್ನ ಚಲುವಮ್ಮ ಮೈಸೂರಿನ ಬಸ್ಸಿಳಿದು ನೇರವಾಗಿ ಸೈಬರ್ ಸೆಂಟರಿಗೇ ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಆ ನಂಬರಲ್ಲಿ ಮನೇನೇ ಇಲ್ಲ. ಆಳೆತ್ರ ಪಾರ್ಥೇನಿಯಂ ಬೆಳ್ಕೊಂಡಿರೋ ಖಾಲಿ ಜಾಗ. ಎದುರುಮನೆಯಮ್ಮ ನೀರು ಕೊಡೋಕ್ ಮುಂಚೇನೇ ಕೇಳುದ್ರು, ‘ನೀವೂ ಮಗಳ ಫೋಟೊ ಆಕ್ಬುಟ್ರಾ?’ ಅಂತ. ವಾರಕ್ಕೊಬ್ಬ ಅಪ್ಪ ಬಂದು ಆ ಜಾಗದ ಮುಂದೆ ನಿಂತ್ಕೋತಾನಂತೆ. ಎಣ್ಮಕ್ಕಳ ಫೋನಿಗೆ ಯಾರ್ಯಾರೋ ಫೋನ್ ಮಾಡಿ ಒಲಸು ಮಾತಾಡ್ತಾರಂತೆ. ನನ್ ಮಗಳು ಉಳ್ಕಂಡ್ಳು ಕಣವ್ವ."

ಒಂದು ತಿಂಗಳಿಂದ ತನ್ನ ಮೊಬೈಲಿಗೆ ಬರುತ್ತಿದ್ದ ಇಂಥವೇ ಕರೆಗಳನ್ನು ಹೇಮಲತಾ ರಾಂಗ್ ನಂಬರ್ ಎಂದೇ ತಿಳಿದಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ವೆಬ್‌ಸೈಟನ್ನು ತೆರೆದು ಪುಟವನ್ನು ನಿಧಾನಕ್ಕೆ ಕೆಳಗೆ ಸರಿಸಿದಳು. ಮೂರನೆಯ ಸಾಲಿನಲ್ಲಿ, ತಾನೇ ಹಿಂದೆ ಹಾಕಿದ್ದ ಫೋಟೊದಲ್ಲಿ, ಹಸಿರು ರೇಷ್ಮೆ ಸೀರೆಯುಟ್ಟು ಅವಳೇ ಇದ್ದಳು. ಕೆಳಗೆ ಅವಳ ನಂಬರು.

"ತೆಗ್ದಾಕ್ಬುಡು ಮಗ, ಬೇಗ!"

"ಹಾಕೋಕೆ ದಾರಿ ಇಟ್ಟಿದ್ದಾರೆ ಅಮ್ಮ. ತೆಗೆಯೋಕೆ ಇಟ್ಟಿಲ್ಲ."

ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದವನು ಕತ್ತು ಚಾಚಿ ನೋಡಿದ. ಚಲುವಮ್ಮ ತಮ್ಮ ಸೆರಗನ್ನೆಳೆದು ಕಂಪ್ಯೂಟರಿನ ಗಾಜಿನ ಮೇಲಿದ್ದ ಹೇಮಲತಾಳ ಮುಖಕ್ಕೆ ಹೊದಿಸಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತರು.