ಒಂದು ಕೈಯ ಗಂಟು

"ಪದವಿ, ಮಾರ್ಕ್ಸು ಎಲ್ಲಾ ಸರಿ ಇದೆಯಮ್ಮ. ಆದ್ರೆ ಇಲ್ಲಿ ದಿನಾ ಇನ್ನೂರು ಫೈಲ್ ಕಟ್ಟಬೇಕು. ಎಲ್ಲಿ, ಇದೊಂದನ್ನ ಕಟ್ಟು ನೋಡೋಣ," ಎಂದು ಹೆಡ್‌ಕ್ಲರ್ಕ್ ಒಂದು ಕೈಯಲ್ಲಿ ಅರ್ಜಿ ಹಿಡಿದುಕೊಂಡೇ ದಪ್ಪನೆಯ ಫೈಲನ್ನೂ ಬಿಳಿ ಲಾಡಿಯನ್ನೂ ಕೆಲಸ ಕೇಳಿ ಬಂದಿದ್ದ ಹುಡುಗಿಯತ್ತ ತಳ್ಳಿದರು. ಅವಳ ಎಡಗೈ ಮೊಣಕೈಗೇ ಮುಗಿದಿತ್ತು. ಆಗಲ್ಲ ಎಂಬ ಮಾತು ಅವಳ ಬಾಯಿಂದಲೇ ಬಂದುಬಿಟ್ಟರೆ, ಕೆಲಸ ಇಲ್ಲ ಎನ್ನುವ ಮುಜುಗರ ತಮಗೆ ತಪ್ಪುತ್ತದೆ ಎಂಬುದು ಅವರ ಲೆಕ್ಕಾಚಾರ.

ಎಂಟು ಕಚೇರಿಗಳಲ್ಲಿ "ತಿಳಿಸ್ತೀವಿ" ಎನ್ನಿಸಿಕೊಂಡು ಬಂದವಳು ಫೈಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಲಾಡಿಯ ಒಂದು ತುದಿಯನ್ನು ಎಡ ಮೊಣಕೈಯಡಿ ಅದುಮಿ ಹಿಡಿದು, ಇನ್ನೊಂದನ್ನು ಫೈಲಿಗೆ ಸುತ್ತಿ ತಂದು, ಎರಡೇ ಬೆರಳಲ್ಲಿ ಕುಣಿಕೆ ಮಾಡಿ ಎಳೆದಳು. ಫೈಲನ್ನೆತ್ತಿ ತಲೆಕೆಳಗು ಮಾಡಿ ಕೊಡವಿದಳು. ಒಂದು ಹಾಳೆಯೂ ಕದಲಲಿಲ್ಲ.

"ಕಟ್ಟೋದೇನೋ ಕಟ್ಟಿದೆ. ಬಿಚ್ಚೋದು?" ಹೆಡ್‌ಕ್ಲರ್ಕ್ ಅಷ್ಟು ಸುಲಭಕ್ಕೆ ಸೋಲುವವರಲ್ಲ. ಅವರೇ ಹಾಕಿದ ಗಂಟುಗಳಂತೂ ಉಗುರು ಕಿತ್ತುಬಂದರೂ ಬಿಚ್ಚುತ್ತಿರಲಿಲ್ಲ. ಅದಕ್ಕೆಂದೇ ಆ ಕಚೇರಿಯಲ್ಲಿ ಮೇಜಿಗೊಂದು ಕತ್ತರಿಯಿತ್ತು.

"ನೀವೇ ಬಿಚ್ಚಿ ಸಾರ್. ನಾಳೆ ಬಿಚ್ಚೋಕೂ ನಂಗೆ ಇದೊಂದೇ ಕೈ ತಾನೇ? ಅದನ್ನ ಯೋಚನೆ ಮಾಡೇ ಕಟ್ಟಿದೀನಿ."

ಅವರು ತುದಿ ಹಿಡಿದು ಎಳೆದರು. ಲಾಡಿ ಸರ್ರನೆ ಜಾರಿ ಫೈಲು ತೆರೆದುಕೊಂಡಿತು. ಅವರ ಇನ್ನೊಂದು ಕೈಯಲ್ಲಿ ಅವಳ ಅರ್ಜಿ ಹಾಗೇ ಇತ್ತು.

ಅರ್ಜಿಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು. ಕತ್ತರಿಯನ್ನು ಡ್ರಾಯರಿಗೆ ಹಾಕಿದರು. ಆಮೇಲೆ ಹೆಡ್‌ಕ್ಲರ್ಕ್ ತಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮುಂದಕ್ಕೆ ಬಾಗಿದರು.

"ಇನ್ನೊಂದ್ಸಲ ತೋರಿಸಮ್ಮ. ಸ್ವಲ್ಪ ನಿಧಾನಕ್ಕೆ."